ಸೀಸನ್ ಮುಗಿದ ಮೇಲೆ ಬೆಟ್ಟ ಹತ್ತಿದವನ ಅಳಲು

ಡಿಸೆಂಬರ್‌ನಲ್ಲಿ ತಡಿಯಂಡಮೋಳ್ ಬೆಟ್ಟ ಹತ್ತೋಣ ಅಂದರೆ ಮನೆಯಲ್ಲಿ ಅರೇಬಿಕಾ ಕಾಫಿ ಕುಯ್ಲು. ಆಮೇಲೆ ರೋಬಸ್ಟಾ. ಅದು ಮುಗಿಯಿತು ಅನ್ನುವಷ್ಟರಲ್ಲಿ ಕರಿಮೆಣಸು. ತೋಟದವರಿಗೆ ಬಿಡುವು ಸಿಗುವುದೇ ಮಾರ್ಚ್ ಕೊನೆಗೆ.

ಕೊಡಗಿನಲ್ಲೇ ಎತ್ತರದ್ದು ಅಂದರೂ 1,748 ಮೀಟರ್ ಅಷ್ಟೇ ಅಲ್ವಾ, ಆದರೆ ಆ ಹೊತ್ತಿಗೆ ಹುಲ್ಲು ಒಣಗಿ ಎಣ್ಣೆ ಸವರಿದ ಹಾಗಿರುತ್ತದೆ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ವಾಪಸ್. ಇಳಿಯುವಾಗ ಕಾಲಿಗಿಂತ ಕುಂಡೆಯೇ ಜಾಸ್ತಿ ಕೆಲಸ ಮಾಡಿತು. ಹೊಸ ಪ್ಯಾಂಟು ಬೇರೆ!

ಕೆನಡಾದಲ್ಲಿರುವ ತಂಗಿ ಮಗನಿಗೆ ಹೇಳಿದರೆ ನಗುತ್ತಾನೆ. ಅವರೂರ ಸಣ್ಣ ಗುಡ್ಡದಲ್ಲೂ ಸ್ಕೀ ಸೀಸನ್ನಿನ ಕೊನೆಗೆ ಇದೇ ಕತೆಯಂತೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಗಂಜಿ. ಸ್ಕೀ ಅಂಟಿಕೊಂಡು ಮುಂದಕ್ಕೇ ಹೋಗುವುದಿಲ್ಲವಂತೆ. ಅವನಿಗಾದರೂ ಬಿದ್ದ ಜಾಗ ತಣ್ಣಗಿರುತ್ತದೆ, ನನಗೆ ಕಾದ ಬಂಡೆ.

ಇಷ್ಟೆಲ್ಲಾ ಒದ್ದಾಡಿ ತುದಿ ಮುಟ್ಟಿದರೆ ಬರೀ ಮಬ್ಬು. ಎದುರಿನ ಗುಡ್ಡವೂ ಕಾಣಲಿಲ್ಲ. ಇನ್ನು ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚಿಬಿಟ್ಟರೆ ಕಕ್ಕಬ್ಬೆಯವರೆಗೆ ಹೋಗಿ ನಾಲ್ಕುನಾಡು ಅರಮನೆ ನೋಡಿಕೊಂಡು ಸುಮ್ನೆ ಬರಬೇಕು.

"ಮಳೆ ಬಿದ್ದ ಮೇಲೆ ಹೋಗು, ಹಸಿರಾಗಿರುತ್ತೆ" ಅಂತಾರೆ ಮನೆಯವರು. ರಕ್ತ ಹೀರುವ ಇಂಬಳಗಳೂ ಅದನ್ನೇ ಕಾಯುತ್ತಿರುತ್ತವೆ.