ಸೀರಿಯಲ್ ನಂಬರ್ ಎಲ್ಲಿದೆ ತೋರ್ಸಿ

ಕೀನ್ಯಾದಿಂದ ಬಂದು ಬಟ್ಟೆ ಇನ್ನೂ ಒಗ್ದಿಲ್ಲ, ಆಗ್ಲೇ ಎಲ್ರೂ ಸಿಂಹದ ಫೋಟೋ ಕಳ್ಸು ಅಂತಿದಾರೆ. ಸಿಂಹ ಹಾಳಾಗ್ಲಿ, ನಂಗೆ ಕಣ್ಮುಚ್ಚಿದ್ರೆ ಕಾಣೋದು ಕಸ್ಟಮ್ಸ್ ಟೇಬಲ್ಲು.

ಕ್ಯಾಮೆರಾ ಹುಚ್ಚಿರೋರಿಗೆ ಗೊತ್ತಲ್ಲ, ಹೊರಡೋವಾಗ ಚೆಕ್‌ಇನ್‌ಗೆ ಮುಂಚೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಅಂತ ಕಸ್ಟಮ್ಸ್‌ನವರ ಹತ್ರ ಒಂದು ಕಾಗದ ಮಾಡಿಸ್ಕೋಬೇಕು, ಇಲ್ಲಾಂದ್ರೆ ವಾಪಸ್ ಬರೋವಾಗ ಇದು ಫಾರಿನ್ನಲ್ಲಿ ತಗೊಂಡಿದ್ದಲ್ಲ, ನಮ್ದೇ ಅಂತ ನಾವೇ ಸಾಕ್ಷಿ ಕೊಡ್ಬೇಕು. ನಾವು ಹೋದಾಗ ಇನ್ನೂ 2016ರ ಬ್ಯಾಗೇಜ್ ರೂಲ್ಸೇ ಇತ್ತು (2026ರ ಫೆಬ್ರವರಿವರೆಗೂ ಇದ್ದಿದ್ದು), ಅದರ ಲೆಕ್ಕದಲ್ಲಿ 50,000 ರೂಪಾಯಿ ಬಿಟ್ಟು ಮಿಕ್ಕಿದ್ದಕ್ಕೆಲ್ಲ 38.5 ಪರ್ಸೆಂಟ್ ಡ್ಯೂಟಿ. 3 ಲಕ್ಷದ ಲೆನ್ಸಿಗೆ 96,000 ಚಿಲ್ರೆ. ಇಎಂಐನೇ ಇನ್ನೂ ತೀರಿಲ್ಲ ಸ್ವಾಮಿ.

ಸರಿ, ಬೆಳಗಿನ ಜಾವ ನಾನೂ ಭಾವನೂ ಏರ್‌ಪೋರ್ಟಲ್ಲಿ ಕಸ್ಟಮ್ಸ್ ಟೇಬಲ್ ಮುಂದೆ ಹೋಗಿ ನಿಂತ್ವಿ. ಸಾಹೇಬ್ರು ಆಕಳಿಸ್ತಾ ಬಿಲ್ ನೋಡಿದ್ರು. 'ಸೀರಿಯಲ್ ನಂಬರ್ ಎಲ್ಲಿದೆ ತೋರ್ಸಿ.' ಅದಿರೋದು ಕ್ಯಾಮೆರಾ ತಳದಲ್ಲಿ, ತಳಕ್ಕೆ ಟ್ರೈಪಾಡ್ ಮೇಲೆ ಕೂರ್ಸೋ ಎಲ್ ಪ್ಲೇಟ್ ಬಿಗಿದಿದೆ, ಬಿಚ್ಚೋಕೆ ಅಲೆನ್ ಕೀ ಬೇಕು, ಅಲೆನ್ ಕೀ ಸೂಟ್‌ಕೇಸಲ್ಲಿದೆ, ಆ ಸೂಟ್‌ಕೇಸಿಗೆ ನಮ್ ಭಾವ ಅರ್ಧ ಗಂಟೆ ಹಿಂದೆ 'ಸೇಫಾಗಿರ್ಲಿ ಕಣೋ' ಅಂತ ದುಡ್ಡು ಕೊಟ್ಟು ಪ್ಲಾಸ್ಟಿಕ್ ಸುತ್ಸಿದಾರೆ. ನಾನು ಲ್ಯಾಪ್‌ಟಾಪ್ ತೆಗ್ದು, ಸಾರ್ ಇದೇ ಕ್ಯಾಮೆರಾದ ಫೋಟೋ, ಫೋಟೋ ಒಳಗೆ ಕ್ಯಾಮೆರಾನೇ ಬರ್ದಿಡೋ ವಿವರ ಇರತ್ತಲ್ಲ, ಆ ಎಕ್ಸಿಫ್‌ನಲ್ಲೇ ನಂಬರ್ ಇದೆ ನೋಡಿ ಅಂದೆ. 'ಅದು ಫೋಟೋದಲ್ಲಿರೋ ನಂಬರು. ಕ್ಯಾಮೆರಾದಲ್ಲಿರೋದು ತೋರ್ಸಿ.' ಏನಂತೀರ ಇದಕ್ಕೆ!

ಭಾವ ಸ್ಕೂಟರ್ ಕೀಲಿ ತಗೊಂಡು ಪ್ಲಾಸ್ಟಿಕ್ ಹರಿಯೋಕೆ ಶುರು ಮಾಡಿದ್ರು. ಬನಿಯನ್ನು, ಚಟ್ನಿಪುಡಿ, ಅಕ್ಕ ಕೊಟ್ಟ ಕೋಡುಬಳೆ ಡಬ್ಬಿ ಎಲ್ಲಾ ನೆಲದ ಮೇಲೆ ಬಂತು, ಕೊನೆಗೆ ಸಾಕ್ಸ್ ಒಳಗಿಂದ ಅಲೆನ್ ಕೀ. ಪ್ಲೇಟ್ ಬಿಚ್ಚಿ ಕೊಟ್ರೆ ಸಾಹೇಬ್ರು ಕನ್ನಡಕ ಹಣೆಗೇರ್ಸಿ, ಕ್ಯಾಮೆರಾನ ಮೂಗಿನ ಹತ್ರ ತಂದು 'ಐದು... ಅಲ್ಲ ಆರು... ಸೊನ್ನೆ...' ಅಂತ ಒಂದೊಂದೇ ಅಂಕೆ ಓದಿ, ಕ್ಯಾಮೆರಾ ಕೆಳಗಿಟ್ಟು, ಕನ್ನಡಕ ಇಳ್ಸಿ, ಬರ್ದು, ಮತ್ತೆ ಕನ್ನಡಕ ಏರ್ಸಿ, ಎಲ್ಲಿದ್ದೆ ಅಂತ ಮರ್ತು ಮೊದಲಿಂದ. ನಾನೇ ಓದ್ಲಾ ಸಾರ್ ಅಂದಿದ್ದಕ್ಕೆ ಒಂದು ನೋಟ ನೋಡಿದ್ರು ನೋಡಿ, ಸುಮ್ನಾದೆ. ಲೆನ್ಸ್ ಮುಗೀತು, ಇನ್ನೊಂದು ಲೆನ್ಸ್ ಮುಗೀತು, ಆಮೇಲೆ ಬ್ಯಾಟರಿ ಚಾರ್ಜರ್ ಎತ್ಕೊಂಡು 'ಇದಕ್ಕೆ ನಂಬರಿಲ್ವಾ?'

ನಮ್ ಚಿಕ್ಕಪ್ಪ ದುಬೈಯಿಂದ ಯಾಶಿಕಾ ಕ್ಯಾಮೆರಾ ತಂದಾಗ ಕತ್ತಿಗೆ ನೇತಾಕ್ಕೊಂಡು ಸೀದಾ ಬಂದ್ನಂತೆ, ಹಾಗಂತ ಅವನೇ ಹೇಳ್ತಿದ್ದಿದ್ದು, ಎಷ್ಟು ನಿಜವೋ. ನನ್ನ ನಾಮಕರಣದ ಫೋಟೋ ಅದರಲ್ಲೇ ತೆಗ್ದಿದ್ದು. ಕೀನ್ಯಾದ ಮಸಾಯಿ ಮಾರಾದಲ್ಲಿ ತೆಗ್ದ ಸಿಂಹದ ಫೋಟೋ ತೋರ್ಸೋಕೆ ಈಗ ಅವನಿಲ್ಲ.

ನೈರೋಬಿ ಏರ್‌ಪೋರ್ಟಲ್ಲಿ ಡ್ರೋನ್ ಇದ್ಯಾ ಅಂತ ಕೇಳಿ ಬಿಟ್ಬಿಟ್ರು. ವಾಪಸ್ ಬಂದಾಗ, ಡ್ಯೂಟಿ ಕಟ್ಟೋದೇನಿಲ್ಲ ಅನ್ನೋರು ಹೋಗೋ ಗ್ರೀನ್ ಚಾನೆಲ್ ಹತ್ರ ಒಬ್ರು ಹುಡುಗ ಆಫೀಸರ್ ಬ್ಯಾಗ್ ತೆಗ್ಸಿದ್ರು. ನಾನು ಎದೆಯುಬ್ಬಿಸ್ಕೊಂಡು ಸರ್ಟಿಫಿಕೇಟ್ ಚಾಚ್ದೆ. ಎಲ್ ಪ್ಲೇಟ್ ಮೊದ್ಲೇ ಬಿಚ್ಚಿಟ್ಟಿದ್ದೆ. ಅವರು ಒಂದ್ಸಲ ತಳ ನೋಡಿ, ಒಂದ್ಸಲ ಕಾಗದ ನೋಡಿ, 'ಸಾರ್, ಇಲ್ಲಿ 8 ಇದೆ, ಕಾಗದದಲ್ಲಿ 3 ಇದೆಯಲ್ಲ' ಅಂದ್ರು. ನನ್ನ ಕಣ್ಮುಂದೆ 38.5 ಪರ್ಸೆಂಟ್ ಕುಣೀತು. ಭಾವ ಹಿಂದಿಂದ ಬಿಲ್ಲು, ಬಿಲ್ಲಿನ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು ಎಲ್ಲಾ ತೆಗೀತಿದಾರೆ. ಆಫೀಸರ್ ಕಾಗದನ ಬೆಳಕಿಗೆ ಹಿಡಿದು ನಕ್ಬಿಟ್ರು.

'ಓ, ಇದು ನಮ್ ಸಾಹೇಬ್ರ ಅಕ್ಷರ. ಅವರ 8 ಯಾವಾಗ್ಲೂ ಹಿಂಗೇನೇ, ಹೋಗಿ ಸಾರ್.'