ದೀಪ ಆರಿಸಿ ಎಂದ ಅತಿಥಿಗೃಹ

ಮೆಲ್ಬರ್ನಿನ ಕನ್ನಡಿಗರ ಮನೆಗೆ ಊರಿನಿಂದ ಹಿರಿಯರು ಬಂದರೆ ತೋರಿಸಬೇಕಾದ ಜಾಗಗಳ ಪಟ್ಟಿ ಎಲ್ಲರಲ್ಲೂ ಒಂದೇ. ಕ್ಯಾರಂ ಡೌನ್ಸಿನ ಶಿವ ವಿಷ್ಣು ದೇವಸ್ಥಾನ, ಬಲ್ಲಾರಾಟಿನ ಚಿನ್ನದ ಗಣಿ, ಗ್ರೇಟ್ ಓಷನ್ ರೋಡ್, ಕಡೆಗೆ ಫಿಲಿಪ್ ಐಲ್ಯಾಂಡಿನ ಪೆಂಗ್ವಿನ್. ಈ ಕೊನೆಯದನ್ನು ಹೆಚ್ಚಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಮಧ್ಯಾಹ್ನ ಊಟ ಮಾಡಿ ಹೊರಟು, 140 ಕಿಲೋಮೀಟರ್ ಓಡಿಸಿ, ಸಂಜೆಯ ಚಳಿಯಲ್ಲಿ ಪೆಂಗ್ವಿನ್ ನೋಡಿ, ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತು ಮಧ್ಯರಾತ್ರಿಗೆ ಮನೆ ಸೇರುವುದು. ಕತ್ತಲಾದ ಮೇಲೆ ಆ ದ್ವೀಪದ ರಸ್ತೆಗಳಿಗೆ ಚಿಕ್ಕ ಕಾಂಗರೂಗಳಂಥ ವಲ್ಲಬಿಗಳು ನುಗ್ಗುತ್ತವೆ; ಅವಸರದಲ್ಲಿ ಮರಳುವವರ ಗಾಡಿಗಳಿಗೆ ಸಿಕ್ಕಿ ಸಾಯುತ್ತವೆ. ಪ್ರಾಣಿ ನೋಡಲು ಹೋದವರು ಪ್ರಾಣಿ ಕೊಂದು ಬರುವುದು ಬೇಡವೆಂದರೆ ಅಲ್ಲೇ ಒಂದು ರಾತ್ರಿ ಉಳಿಯುವುದು ಒಳ್ಳೆಯದು.

ನಾವು ಉಳಿದದ್ದು ಏಪ್ರಿಲ್ ಕೊನೆಯ ಅನ್ಜ಼ಾಕ್ ರಜೆಯಲ್ಲಿ, ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮ ಮತ್ತು ಇಬ್ಬರು ಮಕ್ಕಳೊಂದಿಗೆ. ಮಕ್ಕಳಿರುವ ಕುಟುಂಬಗಳಿಗೆಂದೇ ನಡೆಸುವ ಪೆಂಗ್ವಿನ್ ಥೀಮಿನ ಅತಿಥಿಗೃಹ. ಇಂಥವು ದ್ವೀಪದಲ್ಲಿ ಸಾಕಷ್ಟಿವೆ, ಹೆಸರು ಹೇಳಿ ಜಾಹೀರಾತು ಮಾಡುವ ಅಗತ್ಯವಿಲ್ಲ. ಥೀಮ್ ಎಂಬ ಪದ ಕೇಳಿದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಬಂಡೀಪುರ, ಕಬಿನಿ ಕಡೆಯ ರೆಸಾರ್ಟುಗಳಲ್ಲಿ ನಾನು ಕಂಡ ಥೀಮ್ ಎಂದರೆ ಹೆಬ್ಬಾಗಿಲಿನ ಸಿಮೆಂಟಿನ ಹುಲಿ, ಅದರ ಬಾಯಲ್ಲಿ ಕೆಂಪು ಬಲ್ಬು, ಕೋಣೆಗಳಿಗೆ ಚಿರತೆ, ಕಾಟಿ, ಗಜರಾಜ ಎಂಬ ಹೆಸರುಗಳು. ಚಿರತೆ ಕೋಣೆಯಲ್ಲಿ ಬಿಸಿನೀರು ಬರುತ್ತದೆ, ಗಜರಾಜದಲ್ಲಿ ಬರುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಇಲ್ಲಿಯೂ ಮೊದಲ ನೋಟಕ್ಕೆ ಅದೇ ಕಥೆ ಅನಿಸಿತು. ಪರದೆಯ ಮೇಲೆ ಪೆಂಗ್ವಿನ್, ದಿಂಬಿನ ಮೇಲೆ ಪೆಂಗ್ವಿನ್, ಚಹಾ ಲೋಟದ ಮೇಲೂ ಅದೇ. ಆದರೆ ಮಕ್ಕಳ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ನೆಲದಿಂದ 33 ಸೆಂಟಿಮೀಟರ್ ಎತ್ತರಕ್ಕೆ ಒಂದು ನೀಲಿ ಗೆರೆ ಎಳೆದಿದ್ದರು. ಜಗತ್ತಿನ ಅತ್ಯಂತ ಚಿಕ್ಕ ಪೆಂಗ್ವಿನ್ ಜಾತಿಯ ಎತ್ತರ ಅದು. ತೂಕ ಸುಮಾರು ಒಂದು ಕಿಲೋ. ಪಕ್ಕದಲ್ಲಿ ಅಷ್ಟೇ ತೂಕದ ಮರಳಿನ ಚೀಲವೊಂದನ್ನು ಇಟ್ಟಿದ್ದರು. ನನ್ನ ಮಗಳು ಅದನ್ನು ಎತ್ತಿ, ಗೆರೆಯ ಪಕ್ಕ ಕುಳಿತು, ತನ್ನ ಮೊಣಕಾಲಿಗಿಂತ ಕೆಳಗಿರುವ ಈ ಜೀವ ಇಡೀ ದಿನ ಸಮುದ್ರದಲ್ಲಿ ಈಜುತ್ತದೆಯೇ ಎಂದು ಅಜ್ಜನನ್ನು ಕೇಳಿದಳು. ಹಿತ್ತಲಲ್ಲಿ ಮರದ ಗೂಡುಪೆಟ್ಟಿಗೆಯೊಂದಿತ್ತು. ಬಿಲ ತೋಡಲು ಜಾಗ ಸಾಲದ ಕಡೆ ಪೆಂಗ್ವಿನ್‌ಗಳಿಗಾಗಿ ಇಂಥ ಪೆಟ್ಟಿಗೆಗಳನ್ನು ಇಡುತ್ತಾರೆ. ಮಕ್ಕಳು ಅದರೊಳಗೆ ತಲೆ ತೂರಿಸಿ ನೋಡಬಹುದು. ನಮ್ಮವನು ಪೂರ್ತಿ ಒಳಗೇ ಹೋದ, ಅದು ಬೇರೆ ಮಾತು.

ಅಡುಗೆಮನೆಯ ಮೇಜಿನ ಮೇಲೆ ಸ್ವಾಗತದ ಚೀಟಿ. ಅದರಲ್ಲಿ ಬೆಳಗಿನ ಉಪಾಹಾರದ ವಿವರಕ್ಕಿಂತ ಮೊದಲು ಬರೆದದ್ದು: ಕತ್ತಲಾದ ಮೇಲೆ ಹೊರಗಿನ ದೀಪಗಳನ್ನು ಆರಿಸಿ, ಪರದೆ ಎಳೆಯಿರಿ. ಕಾರಣವನ್ನೂ ಕೊಟ್ಟಿದ್ದರು. ಷಿಯರ್‌ವಾಟರ್ ಎಂಬ ಕಡಲ ಹಕ್ಕಿಗಳು ಈ ದ್ವೀಪದಲ್ಲಿ ಮರಿ ಮಾಡುತ್ತವೆ. ಏಪ್ರಿಲ್ ನಡುವಿನ ಹೊತ್ತಿಗೆ ತಾಯಿತಂದೆ ಹಕ್ಕಿಗಳು ಮರಿಗಳನ್ನು ಬಿಟ್ಟು ಅಲಾಸ್ಕಾದ ಕಡೆಯ ಕಡಲಿಗೆ ಹೊರಟುಬಿಡುತ್ತವೆ. ಹಸಿದ ಮರಿಗಳು ಒಂದೆರಡು ವಾರಗಳಲ್ಲಿ ತಾವೇ ರಾತ್ರಿ ಹಾರಲು ಹೊರಡುತ್ತವೆ. ಬೀದಿದೀಪ ಕಂಡರೆ ದಿಕ್ಕು ತಪ್ಪಿ ರಸ್ತೆಗೆ ಬೀಳುತ್ತವೆ. ಅದಕ್ಕಾಗಿ ಆ ದಿನಗಳಲ್ಲಿ ದ್ವೀಪದ ಸೇತುವೆಯ ದೀಪಗಳನ್ನೇ ಆರಿಸುತ್ತಾರೆ. ಸೇತುವೆಯೇ ಕತ್ತಲಲ್ಲಿರುವಾಗ ಅತಿಥಿಗೃಹದ ಅಂಗಳಕ್ಕೆ ಬೆಳಕು ಏಕೆ?

ನನಗೆ ಇಷ್ಟವಾದದ್ದು ಇದು. ಈ ಮನೆಯ ಥೀಮ್ ನಮ್ಮಿಂದ ಏನನ್ನೋ ಕೇಳುತ್ತಿತ್ತು.

ಪೆಂಗ್ವಿನ್ ನೋಡುವ ಸಮ್ಮರ್‌ಲ್ಯಾಂಡ್ ಕಡಲತೀರದಲ್ಲಿ ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕುಳಿತುಕೊಳ್ಳಬೇಕು. ಛತ್ರಿ ಬಿಚ್ಚುವಂತಿಲ್ಲ. ಫೋಟೋ, ವಿಡಿಯೋ ಯಾವುದೂ ಇಲ್ಲ. ಮೊಬೈಲನ್ನು ಹೊರತೆಗೆದರೆ ಸಿಬ್ಬಂದಿ ಬಂದು ಹೇಳುತ್ತಾರೆ. ಅಪ್ಪನಿಗೆ ಇದು ಅರಗಲಿಲ್ಲ. ‘ಇಷ್ಟು ದೂರ ಬಂದು ಒಂದು ಫೋಟೋ ಇಲ್ಲವೆಂದರೆ ಕುವೆಂಪುನಗರದಲ್ಲಿ ಯಾರು ನಂಬುತ್ತಾರೆ?’ ಎಂದರು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಅಲೆಯ ಅಂಚಿನಲ್ಲಿ ಐದಾರು ಕಪ್ಪು ಚುಕ್ಕಿಗಳು ಎದ್ದು ನಿಂತವು. ನಿಂತು ನೋಡಿದವು, ಏನೋ ಅಂಜಿ ಮತ್ತೆ ನೀರಿಗೆ ಓಡಿದವು. ಇನ್ನಷ್ಟು ಜೊತೆಗಾರರು ಸೇರಿದ ಮೇಲೆ ಮುಹೂರ್ತ ಕೂಡಿಬಂತೆಂಬಂತೆ ಗುಂಪಾಗಿ ಮರಳು ದಾಟಿದವು. 2022ರ ಮೇ ತಿಂಗಳ ಒಂದು ರಾತ್ರಿ ಹೀಗೆ ಐದು ಸಾವಿರಕ್ಕೂ ಹೆಚ್ಚು ಪೆಂಗ್ವಿನ್‌ಗಳು ದಾಟಿ ದಾಖಲೆಯಾಗಿತ್ತು. ನಾವು ಕಂಡದ್ದು ಅಷ್ಟಿಲ್ಲ. ಮರಳುವಾಗ ಮರದ ಕಾಲುದಾರಿಯ ಪಕ್ಕದಲ್ಲೇ ಅವು ನಮ್ಮೊಂದಿಗೆ ಏರು ಹತ್ತುತ್ತಿದ್ದವು, ತಮ್ಮ ತಮ್ಮ ಬಿಲಗಳ ಮುಂದೆ ನಿಂತು ಕಿರುಚುತ್ತಿದ್ದವು. ಅಷ್ಟು ಚಿಕ್ಕ ದೇಹದಿಂದ ಅಷ್ಟು ದೊಡ್ಡ ಜಗಳ ಹೊರಡಬಹುದೆಂದು ಅಮ್ಮ ಎಣಿಸಿರಲಿಲ್ಲ. ವಾಹನ ನಿಲ್ದಾಣದಲ್ಲಿ ಗಾಡಿಯ ಅಡಿಯಲ್ಲಿ ಪೆಂಗ್ವಿನ್ ಇದೆಯೇ ನೋಡಿ ಎಂಬ ಫಲಕಗಳಿವೆ. ಅಪ್ಪ ತಮ್ಮ ಮಂಡಿನೋವನ್ನೂ ಮರೆತು ಬಗ್ಗಿ ನಾಲ್ಕೂ ಚಕ್ರಗಳನ್ನು ನೋಡಿದರು.

ಎಲ್ಲವೂ ಅಲ್ಲಿ ಚೆನ್ನ, ನಮ್ಮಲ್ಲಿ ಕೆಟ್ಟದ್ದು ಎಂದು ಬರೆಯುವ ಹೊರನಾಡ ಕನ್ನಡಿಗರ ಸಾಲಿಗೆ ನನ್ನನ್ನು ಸೇರಿಸಬೇಡಿ. ಅತಿಥಿಗೃಹದ ಬಾಗಿಲು ತೆರೆದದ್ದು ಮೊಬೈಲಿಗೆ ಬಂದ ನಾಲ್ಕು ಅಂಕಿಗಳಿಂದ. ಮನೆಯೊಡತಿಯ ಮುಖ ಕಂಡದ್ದು ಹೊರಡುವ ದಿನ, ಅದೂ ಕಸದ ಡಬ್ಬಿಗಳ ಬಳಿ, ಎರಡು ನಿಮಿಷ. ಉಪಾಹಾರವೆಂದರೆ ಫ್ರಿಜ್ಜಿನಲ್ಲಿಟ್ಟ ಬ್ರೆಡ್ಡು, ಹಾಲು, ಪುಟ್ಟ ಡಬ್ಬಿಗಳ ಜಾಮು. ಅಮ್ಮ ತಂದಿದ್ದ ಪುಳಿಯೋಗರೆ ಗೊಜ್ಜು ಇಲ್ಲದಿದ್ದರೆ ನಮ್ಮ ಪ್ರವಾಸ ಬೇರೆಯೇ ಆಗುತ್ತಿತ್ತು. ಕೊಡಗಿನ ಹೋಂಸ್ಟೇಯಲ್ಲಿ ಮನೆಯವರು ಅಕ್ಕಿರೊಟ್ಟಿ ಬಡಿಸುತ್ತ, ಕಳೆದ ವಾರ ತೋಟಕ್ಕೆ ಬಂದ ಆನೆ ಯಾವ ಹಲಸಿನ ಮರ ಅಲುಗಾಡಿಸಿತು ಎಂದು ಹೇಳುವ ಮಾತಿಗೆ ಯಾವ ಚೀಟಿಯೂ ಸಮವಲ್ಲ. ಹೇಳುವವರಿಗೆ ಆ ಆನೆಯಿಂದ ನಷ್ಟವಾಗಿರುತ್ತದೆ, ಆದರೂ ದನಿಯಲ್ಲಿ ಒಂದು ಬಗೆಯ ಗೌರವ ಇರುತ್ತದೆ. ಪೆಂಗ್ವಿನ್ ದ್ವೀಪದಲ್ಲಿ ಪ್ರಾಣಿಯಿಂದ ಯಾರಿಗೂ ಅಂಥ ಕಷ್ಟವಿಲ್ಲ. ಕಾಡಾನೆ, ಹುಲಿಗಳ ನಡುವೆ ಬದುಕುವ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಯ ರೈತರಿಗೆ ಪೆಂಗ್ವಿನ್ ನೀತಿಪಾಠ ಹೇಳಿದರೆ ಅವರು ನಕ್ಕಾರು.

ಕಾಡನ್ನು ಓದುವ ವಿಷಯದಲ್ಲಿಯೂ ನಮ್ಮವರದೇ ಮೇಲುಗೈ. ಕಬಿನಿಯಲ್ಲಿ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಜಿಂಕೆಯ ಎಚ್ಚರಿಕೆಯ ಕೂಗಿಗೂ ಮುಸುವದ ಕೂಗಿಗೂ ಇರುವ ವ್ಯತ್ಯಾಸ ಹಿಡಿದು, ಹುಲಿ ಯಾವ ಕಡೆಗೆ ನಡೆಯುತ್ತಿದೆ ಎಂದು ಹೇಳುವ ಚಾಲಕರು, ಪ್ರಕೃತಿ ಮಾರ್ಗದರ್ಶಕರು ನಮ್ಮಲ್ಲಿದ್ದಾರೆ. ಕಾಂಕ್ರೀಟು ಮೆಟ್ಟಿಲಿನ ಮೇಲೆ ಕುಳಿತವನಿಗೆ ಆ ವಿದ್ಯೆ ಸಿಗುವುದಿಲ್ಲ, ಅವನು ಪ್ರೇಕ್ಷಕ ಮಾತ್ರ. ಕಾಡಿನ ವಸತಿಗೃಹಗಳನ್ನು ಕರ್ನಾಟಕ ಸರ್ಕಾರವೇ ನಡೆಸುವ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲೇ ಹುಟ್ಟಿತು. ಫಿಲಿಪ್ ಐಲ್ಯಾಂಡಿನ ಉದ್ಯಾನಗಳನ್ನು ನೋಡಿಕೊಳ್ಳುವ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಬಂದದ್ದು 1996ರಲ್ಲಿ. ನಾವು ಈ ದಾರಿಗೆ ತಡವಾಗಿ ಬಂದವರಲ್ಲ.

ಹಾಗಿದ್ದೂ ಸಫಾರಿ ಮುಗಿಸಿ ಬಂದ ಬಸ್ಸಿನಿಂದ ಇಳಿಯುವವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹುಲಿ ಕಂಡಿತೇ? ಕಾಣದಿದ್ದರೆ ಹಣ ನೀರಿಗೆ ಹೋಯಿತು. ಆ ಬೇಸರ ನೀಗಿಸಲು ರೆಸಾರ್ಟಿನಲ್ಲಿ ಈಜುಕೊಳ, ಬೆಂಕಿಯ ಸುತ್ತ ಕುಣಿತ, ಧ್ವನಿವರ್ಧಕ. ಇದರಲ್ಲಿರುವ ವಿಚಿತ್ರ ನೋಡಿ. ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧ 2009ರಿಂದ ಇದೆ. ಕೇರಳದ ಕಡೆಯಿಂದ ಎಷ್ಟೇ ಒತ್ತಡ ಬಂದರೂ ಕರ್ನಾಟಕ ಅದನ್ನು ಉಳಿಸಿಕೊಂಡಿದೆ. ಪ್ರಾಣಿಗಾಗಿ ಮನುಷ್ಯ ತಡೆದುಕೊಂಡ ಉದಾಹರಣೆಯನ್ನು ಮೆಲ್ಬರ್ನಿನ ಗೆಳೆಯರು ಕೇಳಿದಾಗ ನಾನು ಹೇಳುವುದು ಇದನ್ನೇ. ಸೇತುವೆಯ ದೀಪಕ್ಕಿಂತ ಇದು ದೊಡ್ಡ ತ್ಯಾಗ. ಗುಂಡ್ಲುಪೇಟೆ ಬಳಿಯ ಮದ್ದೂರಿನ ತಪಾಸಣಾ ಠಾಣೆಯಲ್ಲಿ ಟೊಮೆಟೊ ಲಾರಿಯ ಚಾಲಕ ಬೆಳಗಾಗುವವರೆಗೆ ಗಾಡಿಯಲ್ಲೇ ಮಲಗುತ್ತಾನೆ. ಅದೇ ಹೊತ್ತಿನಲ್ಲಿ ಕಾಡಂಚಿನ ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಬೆಂಗಳೂರಿನ ಕಂಪನಿಯವರ ಬಣ್ಣದ ದೀಪಗಳು ತಿರುಗುತ್ತಿರುತ್ತವೆ. ನಿಯಮ ಲಾರಿಗೆ ಅನ್ವಯಿಸಿತು, ಅತಿಥಿಗೆ ಅನ್ವಯಿಸಲಿಲ್ಲ.

ಸಮ್ಮರ್‌ಲ್ಯಾಂಡಿನ ಇತಿಹಾಸ ಓದಿದಾಗ ಈ ಯೋಚನೆ ಇನ್ನಷ್ಟು ಕಹಿಯಾಯಿತು. ಪೆಂಗ್ವಿನ್ ನೋಡುವ ವ್ಯಾಪಾರ ಅಲ್ಲಿ 1920ರ ದಶಕದಲ್ಲೇ ಶುರುವಾಗಿತ್ತು, ಸ್ಥಳೀಯರು ಟಾರ್ಚು ಹಿಡಿದು ಪ್ರವಾಸಿಗರನ್ನು ತೀರಕ್ಕೆ ಕರೆದೊಯ್ಯುತ್ತಿದ್ದರು. 1940ರಲ್ಲಿ ಸೇತುವೆ ಬಂದ ಮೇಲೆ ಜನ ಹೆಚ್ಚಿದರು. ಬಿಲಗಳ ನಡುವೆಯೇ ಬಡಾವಣೆ ಎದ್ದಿತು. ಅದರೊಂದಿಗೆ ಕಾರು, ನಾಯಿ, ಬೆಕ್ಕು. ನರಿಗಳ ಕಾಟ ಬೇರೆ. ದ್ವೀಪದಲ್ಲಿ ಹಿಂದೆ ಇದ್ದ ಹತ್ತು ಪೆಂಗ್ವಿನ್ ನೆಲೆಗಳಲ್ಲಿ ಒಂದೇ ಉಳಿಯಿತು. ಅದೂ ಅಳಿದೀತೆಂದು ವಿಜ್ಞಾನಿಗಳು ಎಚ್ಚರಿಸಿದಾಗ, 1985ರಲ್ಲಿ ವಿಕ್ಟೋರಿಯಾ ಸರ್ಕಾರ ಇಡೀ ಬಡಾವಣೆಯನ್ನು ಕೊಂಡು ತೆಗೆದುಹಾಕಲು ನಿರ್ಧರಿಸಿತು. 700ಕ್ಕೂ ಹೆಚ್ಚು ನಿವೇಶನಗಳು. ಮನೆಗಳು ಹೋದವು, ಹೋಟೆಲು ಹೋಯಿತು. ಕೆಲಸ ಮುಗಿದದ್ದು 2010ರಲ್ಲಿ. 2017ರಲ್ಲಿ ದ್ವೀಪ ನರಿಮುಕ್ತವೆಂದು ಘೋಷಣೆಯಾಯಿತು. ಎಲ್ಲರೂ ಸಂತೋಷದಿಂದ ಜಾಗ ಬಿಟ್ಟರೆಂದಲ್ಲ. ಆದರೆ ಅವರಲ್ಲಿ ಬಹಳ ಮಂದಿಗೆ ಅದು ರಜೆಯ ಮನೆ, ಕೈಗೆ ಬೆಲೆ ಸಿಕ್ಕಿತು, ಹೊರಡಲು ಕಾಲು ಶತಮಾನ ಸಿಕ್ಕಿತು.

ನಾಗರಹೊಳೆಯಲ್ಲಿ ಆದಿವಾಸಿ ಜೇನುಕುರುಬರಿಗೆ ಸಿಕ್ಕದ್ದೇನು? 1970ರ ದಶಕದಿಂದ ಕಾಡಿನೊಳಗಿನ ಅವರ ಊರುಗಳಾದ ಹಾಡಿಗಳನ್ನು ತೆರವುಗೊಳಿಸಿದಾಗ ಅವರು ಕಳೆದುಕೊಂಡದ್ದು ಇದ್ದ ಒಂದೇ ಮನೆಯನ್ನು. ಹಲವರು ಕೊಡಗಿನ ಕಾಫಿ ತೋಟಗಳ ಲೈನುಗಳಲ್ಲಿ ಕೂಲಿಗಳಾದರು. ಹಾಡಿ ಇರಬಾರದಾಗಿದ್ದ ಅದೇ ಕಾಡಿನೊಳಗೆ, ಮೂರ್ಕಲ್ಲಿನಲ್ಲಿ, ದೊಡ್ಡ ಹೋಟೆಲ್ ಕಂಪನಿಯೊಂದರ ವಸತಿಗೃಹ ಏಳತೊಡಗಿತು. ಆದಿವಾಸಿಗಳು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟು ಅದನ್ನು ನಿಲ್ಲಿಸಿತು. ಇದು ಪ್ರವಾಸಿಗರಿಗೆ ಯಾರೂ ಹೇಳದ ಕಥೆ. ಫಿಲಿಪ್ ಐಲ್ಯಾಂಡಿನಲ್ಲಿ ಪ್ರಾಣಿಗಾಗಿ ಜಾಗ ಬಿಟ್ಟದ್ದು ಪ್ರವಾಸಿಗರ ಮನೆಗಳು, ಪ್ರವಾಸಿಗರ ಹೋಟೆಲು. ನಮ್ಮಲ್ಲಿ ಜಾಗ ಬಿಟ್ಟವರು ಕಾಡಿನವರು. ಆಸ್ಟ್ರೇಲಿಯಾದವರ ಕೈ ಶುದ್ಧವೆಂದೂ ಅಲ್ಲ. ಆ ಬಡಾವಣೆ ಎದ್ದ ನೆಲ ಅದಕ್ಕೂ ಮೊದಲು ಬುನುರಾಂಗ್ ಎಂಬ ಮೂಲನಿವಾಸಿ ಜನರದಾಗಿತ್ತು, ಅವರಿಗೆ ಯಾರೂ ಬೆಲೆ ಕಟ್ಟಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ನಮ್ಮ ಕಾಡಂಚಿನ ವಸತಿಗೃಹಗಳು ಸಿಮೆಂಟಿನ ಹುಲಿಯ ಬದಲು ಆನೆಯ ಹೆಜ್ಜೆಯ ನಿಜವಾದ ಅಚ್ಚೊಂದನ್ನು ಅಂಗಳದಲ್ಲಿ ಮಾಡಿಸಲಿ. ಮಗು ಅದರೊಳಗೆ ಕುಳಿತು ನೋಡಲಿ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ ಎಂಬ ಲೆಕ್ಕ ನಮ್ಮ ಮಾವುತರಿಗೆ ಎಂದಿನಿಂದಲೋ ಗೊತ್ತು, ಗೋಡೆಯ ಮೇಲೆ ಒಂದು ಗೆರೆ ಎಳೆದರೆ ಸಾಕು. ರಾತ್ರಿ ಕಥೆ ಹೇಳಲು ಹಾಡಿಯಿಂದ ಒಬ್ಬರನ್ನು ಕರೆದು, ಬೆಂಕಿಯ ಸುತ್ತ ಕುಣಿಸದೆ, ಮೇಷ್ಟರಿಗೆ ಕೊಡುವಂತೆ ಸಂಭಾವನೆ ಕೊಡಲಿ. ಹೆದ್ದಾರಿ ಮುಚ್ಚುವ ಒಂಬತ್ತು ಗಂಟೆಗೇ ಅಂಗಳದ ದೀಪ, ಧ್ವನಿವರ್ಧಕ ಎರಡನ್ನೂ ಆರಿಸಲಿ. ಇದನ್ನು ಮೊದಲು ಜಂಗಲ್ ಲಾಡ್ಜಸ್‌ನಂಥ ಸರ್ಕಾರಿ ಸಂಸ್ಥೆ ಚೀಟಿಯಲ್ಲಿ ಬರೆದಿಟ್ಟರೆ ಖಾಸಗಿಯವರೂ ನಾಚಿಕೆಗಾದರೂ ಹಿಂಬಾಲಿಸಬಹುದು.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಕೆಂದು ಈಗಲೇ ಒಂದೆರಡು ಕಡೆ ವಿಚಾರಿಸುತ್ತಿದ್ದೇನೆ. ಕಾಡಂಚಿನ ರೆಸಾರ್ಟೊಂದಕ್ಕೆ ಫೋನು ಮಾಡಿ, ರಾತ್ರಿ ಒಂಬತ್ತರ ನಂತರ ನಿಮ್ಮಲ್ಲಿ ಸಂಗೀತ ಇರುತ್ತದೆಯೇ ಎಂದು ಕೇಳಿದೆ. ಆ ಕಡೆಯ ಹುಡುಗ ಬಹಳ ವಿನಯದಿಂದ ಹೇಳಿದ: ‘ಚಿಂತೆ ಮಾಡಬೇಡಿ ಸಾರ್, ನಿಮಗೆ ಬೇಕೆಂದರೆ ಹನ್ನೆರಡರವರೆಗೂ ಹಾಕಿಸುತ್ತೇವೆ.’