ಒಬ್ಬಳೇ, ಒಂದು ವಾರ, ಒಂದೇ ಊರು

ಇಟಲಿಯ ನೇಪಲ್ಸಲ್ಲಿ ಒಂದು ವಾರ ಇದ್ದು ಬಂದು ಫೋಟೋ ಹಾಕಿದ ಮೇಲೆ ಇನ್‌ಬಾಕ್ಸಿಗೆ ಬಂದ ಪ್ರಶ್ನೆಗಳು ಎರಡೇ ಬಗೆ. ಗಂಡಸರದ್ದು, "ಒಟ್ಟು ಎಷ್ಟಾಯ್ತು?" ಹೆಂಗಸರದ್ದು, "ಒಬ್ರೇ ಹೋಗಿದ್ರಾ ಮೇಡಂ?" ಒಬ್ಬೊಬ್ಬರಿಗೂ ಟೈಪ್ ಮಾಡೋ ಬದಲು ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ಮೊದಲು ನನ್ನ ಖಡಾಖಂಡಿತ ಅಭಿಪ್ರಾಯ. ಕಡಿಮೆ ದುಡ್ಡಲ್ಲಿ ಒಬ್ಬರೇ ಯುರೋಪಿಗೆ ಹೋಗೋರು ಒಂದೇ ಊರು ಹಿಡ್ಕೊಂಡು ವಾರವಿಡೀ ಅಲ್ಲೇ ಇರಬೇಕು. ರೋಮ್ ಎರಡು ರಾತ್ರಿ, ಫ್ಲಾರೆನ್ಸ್ ಒಂದು, ವೆನಿಸ್ ಒಂದು, ಕೊನೆಗೆ ಸ್ವಿಟ್ಜರ್ಲೆಂಡಿನ ಮಂಜು ಮುಟ್ಟಿ ವಾಪಸ್ ಅನ್ನೋ ಲೆಕ್ಕದಲ್ಲಿ ದುಡ್ಡು ಹೋಗೋದು ನೋಡೋದಕ್ಕಲ್ಲ, ಸಾಮಾನು ಹೊತ್ತುಕೊಂಡು ಓಡಾಡೋದಕ್ಕೆ. ಪ್ರತಿ ಊರಲ್ಲೂ ಮೊದಲ ದಿನ ದುಬಾರಿಯೇ. ಎಲ್ಲಿ ನೀರು ಅಗ್ಗ, ಯಾವ ಗಲ್ಲಿ ಹತ್ತಿರದ್ದು, ಯಾವ ಟಿಕೆಟ್ ಬೇಡ ಅಂತ ತಿಳಿಯೋ ಹೊತ್ತಿಗೆ ಆ ಊರು ಬಿಟ್ಟಾಗಿರುತ್ತೆ. ಒಂದೇ ಊರಲ್ಲಿದ್ರೆ ಮೂರನೇ ದಿನದಿಂದ ಖರ್ಚು ತಾನಾಗಿ ಇಳಿಯುತ್ತೆ.

ಒಬ್ಬರೇ ಹೋಗೋದು ಇಬ್ಬರು ಹೋಗೋದರ ಅರ್ಧ ಖರ್ಚಲ್ಲ. ಇದು ಇಟಲಿ ಸರ್ಕಾರಕ್ಕೂ ಗೊತ್ತು. ವೀಸಾ ಕೇಳೋರ ಕೈಲಿ ಕನಿಷ್ಠ ಎಷ್ಟು ದುಡ್ಡಿರಬೇಕು ಅನ್ನೋದಕ್ಕೆ ಅವರದ್ದೊಂದು ಪಟ್ಟಿ ಇದೆ. ಆರರಿಂದ ಹತ್ತು ದಿನದ ಪ್ರವಾಸಕ್ಕೆ ಒಬ್ಬರೇ ಆದ್ರೆ ದಿನಕ್ಕೆ 44.93 ಯೂರೋ, ಇಬ್ಬರು ಅಥವಾ ಹೆಚ್ಚು ಮಂದಿ ಇದ್ರೆ ತಲಾ 26.33. ಈ ಚಿಲ್ಲರೆ ಎಲ್ಲಿಂದ ಬಂತು ಅಂದ್ರೆ, ಪಟ್ಟಿ ಮಾಡಿದ್ದು 2000ದಲ್ಲಿ, ಆಗಿನ್ನೂ ಅವರ ಜೇಬಲ್ಲಿ ಯೂರೋಗೆ ಮುಂಚಿನ ದುಡ್ಡು ಲೀರಾ ಇತ್ತು. 87,000 ಲೀರಾ ಯೂರೋಗೆ ತಿರುಗಿಸಿದ್ರೆ 44.93. ಆ ಕಾಲದ ದರದಲ್ಲಿ ಇವತ್ತು ನೇಪಲ್ಸಲ್ಲಿ ಹಾಸಿಗೆ ಮತ್ತು ತಿಂಡಿ ಆಗುತ್ತೆ, ಮಿಕ್ಕಿದ್ದಕ್ಕೆ ಕೈಯಿಂದ ಹಾಕಬೇಕು. ಆದ್ರೆ ಒಂಟಿಯವರಿಗೆ ಮುಕ್ಕಾಲು ಪಾಲು ಹೆಚ್ಚಿಗೆ ಬೇಕು ಅನ್ನೋ ಅಂದಾಜು ಮಾತ್ರ ಈಗಲೂ ಸರಿ.

ಆ ಹೆಚ್ಚಿನ ದುಡ್ಡು ಸೋರೋದು ಎರಡು ಕಡೆ: ಮಲಗೋ ಕೋಣೆ, ಊಟದ ಮೇಜು. ಬಸ್ಸು, ಮ್ಯೂಸಿಯಂ, ದೋಣಿ ಎಲ್ಲದಕ್ಕೂ ತಲೆಗೊಂದು ಟಿಕೆಟ್, ಅಲ್ಲಿ ಒಂಟಿಯವರಿಗೆ ನಷ್ಟವಿಲ್ಲ. ಹಾಗಾಗಿ ಊರು ಆರಿಸುವಾಗ ನಾನು ನೋಡಿದ್ದು, ಒಬ್ಬಳೇ ನಿಂತುಕೊಂಡು ಹೊಟ್ಟೆ ತುಂಬಾ ತಿನ್ನಬಹುದಾ, ತಿಂದ್ರೆ ಯಾರಾದ್ರೂ ಹುಬ್ಬೇರಿಸ್ತಾರಾ ಅಂತ. ಈ ಪರೀಕ್ಷೆಯಲ್ಲಿ ನೇಪಲ್ಸಿಗೆ ಫಸ್ಟ್ ಕ್ಲಾಸ್.

ಅಲ್ಲಿ ಪಿಜ್ಜಾ ಅಂದ್ರೆ ಕೂತು ಚಾಕು-ಫೋರ್ಕಲ್ಲಿ ತಿನ್ನೋದು ಮಾತ್ರ ಅಲ್ಲ. ಅಂಗಡಿ ಎದುರು ಗಾಜಿನ ಪೆಟ್ಟಿಗೇಲಿ ಸಣ್ಣ ಪಿಜ್ಜಾ ಬಿಸಿ ಇಟ್ಟಿರ್ತಾರೆ. ಕೇಳಿದ ತಕ್ಷಣ ನಾಲ್ಕು ಮಡಿಕೆ ಮಡಚಿ ಕಾಗದದಲ್ಲಿ ಸುತ್ತಿ ಕೈಗೆ ಕೊಡ್ತಾರೆ. 'ಪೋರ್ತಾಫೋಲ್ಯೋ' ಅಂತಾರೆ ಇದಕ್ಕೆ. ಎರಡು-ಎರಡೂವರೆ ಯೂರೋ. ತಿನ್ನೋಕೆ ಒಂದು ವರಸೆ ಇದೆ: ಸೊಂಟದಿಂದ ಮುಂದಕ್ಕೆ ಬಾಗಿ, ಕಾಲು ಹಿಂದಿಟ್ಟು ನಿಲ್ಲಬೇಕು. ಮಡಿಕೆಯ ಕೆಳಗಿನ ಮೂಲೇಲಿ ಟೊಮೆಟೊ ರಸ, ಎಣ್ಣೆ ಸೇರ್ಕೊಂಡು ಕೂತಿರುತ್ತೆ, ಅರ್ಧ ತಿನ್ನೋ ಹೊತ್ತಿಗೆ ಕಾಗದ ಹರಿದು ಚಪ್ಪಲಿ ಮೇಲೇ ಸುರಿಯುತ್ತೆ. ಪಕ್ಕದಲ್ಲಿ ಕೋಟು ಹಾಕಿದ ಆಫೀಸಿನವರೂ ಹಾಗೇ ಬಾಗಿ ತಿಂತಿರ್ತಾರೆ. ಒಂಟಿ ಹೆಂಗಸು ಅಂತ ನೋಡೋರು ಯಾರೂ ಇಲ್ಲ, ಎಲ್ಲರ ಗಮನ ಅವರವರ ಅಂಗಿ ಮೇಲೆ.

ಕೂತು ತಿನ್ನಬೇಕು ಅನ್ನಿಸಿದ ದಿನ ಹಳೇ ಪಿಜ್ಜೇರಿಯಾಗಳಲ್ಲಿ ಮರ್ಗೆರೀತಾ ಐದಾರು ಯೂರೋ. ಜತೆಗೆ 'ಕೊಪೆರ್ತೋ' ಅಂತ ಮೇಜಿಗೆ ಕೂತಿದ್ದಕ್ಕೆ ತಲೆಗೊಂದು-ಎರಡು ಯೂರೋ ಬಿಲ್ಲಲ್ಲಿ ಸೇರಿರುತ್ತೆ, ಜಗಳ ಆಡಬೇಡಿ, ಅದು ಮೋಸ ಅಲ್ಲ. ಕಾಫಿ ಕೌಂಟರಲ್ಲಿ ನಿಂತು ಕುಡಿದ್ರೆ ಒಂದು ಯೂರೋ ಚಿಲ್ಲರೆ, ಕುರ್ಚಿ ಎಳ್ಕೊಂಡ್ರೆ ಅದೇ ಕಾಫಿಗೆ ಬೇರೆ ದರ. ಬಹಳ ಕಡೆ ಮೊದಲು ಕ್ಯಾಷಿಯರ್ ಹತ್ರ ದುಡ್ಡು ಕೊಟ್ಟು ಚೀಟಿ ತಗೊಂಡು ಆಮೇಲೆ ಕೌಂಟರಿಗೆ ಹೋಗಬೇಕು. ನಮ್ಮ ದರ್ಶಿನಿಯಲ್ಲಿ ಟೋಕನ್ ತಗೊಂಡು ಬೆಳೆದವರಿಗೆ ಇದನ್ನ ಕಲಿಸಬೇಕಿಲ್ಲ.

ಸಸ್ಯಾಹಾರಿಗಳು ಈ ಪ್ಯಾರಾ ಸೇವ್ ಮಾಡ್ಕೊಳ್ಳಿ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೋ, ಎಣ್ಣೆ ಅಷ್ಟೇ. ಹೆಸರು ಕೇಳಿ ಮೀನಿರುತ್ತೆ ಅಂತ ಹೆದರೋರೇ ಹೆಚ್ಚು. ಮೀನೂ ಇಲ್ಲ, ಚೀಸೂ ಇಲ್ಲ, ಎಲ್ಲಕ್ಕಿಂತ ಅಗ್ಗದ್ದೂ ಅದೇ. ಹೆದರಬೇಕಾದ್ದು ಬೇರೆ ಕಡೆ. ಸ್ಫೋಲ್ಯಾತೆಲ್ಲಾ ಅಂತ ಪದರ ಪದರ ಸಿಹಿ, ಊರಿನ ಹೆಮ್ಮೆ. ಅದರ ಪದರ ಏಳೋದು ಸಾಂಪ್ರದಾಯಿಕವಾಗಿ ಹಂದಿ ಕೊಬ್ಬಿಂದ. ಮೆಣಸು ಹಾಕಿದ ಗಟ್ಟಿ ತರಾಲ್ಲಿಯಲ್ಲೂ ಅದೇ. ಕರಿದ ಪಾಸ್ತಾ ಉಂಡೆ ಫ್ರಿತ್ತಾತೀನಾದಲ್ಲಿ ಮಾಂಸದ ಚೂರು ಇರೋದು ವಾಡಿಕೆ. ಆಲೂಗಡ್ಡೆಯ ಕ್ರೊಕೆಯಲ್ಲೂ ಕೆಲವರು ಹ್ಯಾಮ್ ಸೇರಿಸ್ತಾರೆ, ಕೇಳಿ ತಗೊಳ್ಳಿ. "ಸೆಂತ್ಸಾ ಕಾರ್ನೆ, ಸೆಂತ್ಸಾ ಸ್ತ್ರುತ್ತೋ" (ಮಾಂಸ ಬೇಡ, ಹಂದಿ ಕೊಬ್ಬು ಬೇಡ), ಇಷ್ಟು ಬಾಯಿಪಾಠ ಮಾಡಿದ್ರೆ ಸಾಕು. ಚಟ್ನಿಪುಡಿ ಒಯ್ಯಿರಿ, ಉಪ್ಪಿಟ್ಟಿನ ಪ್ಯಾಕೆಟ್ಟು, ಎಲೆಕ್ಟ್ರಿಕ್ ಕುಕ್ಕರ್ ಎಲ್ಲ ಬೇಡ. ಶ್ರೀಲಂಕಾದವರು ಆ ಊರಲ್ಲಿ ಬಹಳ ಮಂದಿ ನೆಲೆಸಿದ್ದಾರೆ, ಅವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತೆ.

ಇನ್ನು ಕೋಣೆ. ಹುಡುಕಿದ್ರೆ ಅಗ್ಗದ ಕೋಣೆಗಳೆಲ್ಲ ರೈಲು ನಿಲ್ದಾಣದ ಸುತ್ತ, ಪಿಯಾತ್ಸಾ ಗರಿಬಾಲ್ಡಿ ಕಡೆ ಕಾಣಿಸುತ್ತೆ. ದಿನಕ್ಕೆ ಎಂಟ್ಹತ್ತು ಯೂರೋ ಉಳಿಯುತ್ತೆ ನಿಜ, ಆದ್ರೆ ಕತ್ತಲಾದ ಮೇಲೆ ಅಲ್ಲಿ ಒಬ್ಬರೇ ನಡೆಯೋಕೆ ಕಸಿವಿಸಿ. ಆಗ ಟ್ಯಾಕ್ಸಿ ಹಿಡೀತೀರ, ಉಳಿಸಿದ್ದು ಅಲ್ಲಿಗೇ ಹೋಯ್ತು. ನನ್ನ ಆಯ್ಕೆ ಮೋಂತೆಸಾಂತೋ ಅನ್ನೋ ಬಡಾವಣೆ. ಮೆಟ್ರೋ, ಲೋಕಲ್ ರೈಲು, ಗುಡ್ಡ ಹತ್ತೋ ಫ್ಯುನಿಕ್ಯುಲರ್ (ಕೇಬಲ್ ಎಳೆಯೋ ರೈಲು) ಮೂರೂ ಅಲ್ಲೇ, ಎದುರಿಗೇ ಪಿಞ್ಯಾಸೆಕ್ಕಾ ಸಂತೆ. (ಹಣ್ಣು ನೀವೇ ಮುಟ್ಟಿ ಒತ್ತಿ ನೋಡಬೇಡಿ, ಅಂಗಡಿಯವನೇ ಆರಿಸಿ ಕೊಡಬೇಕು. ಮುಟ್ಟಿದ್ರೆ ಇಡೀ ಬೀದಿಗೆ ಕೇಳೋ ಹಾಗೆ ಬಯ್ಯಿಸ್ಕೊಳ್ತೀರ.) ಹಾಸ್ಟೆಲಲ್ಲಿ ಹೆಂಗಸರದ್ದೇ ಡಾರ್ಮ್‌ನಲ್ಲಿ ಹಾಸಿಗೆ ಮೂವತ್ತರಿಂದ ನಲವತ್ತು ಯೂರೋ, ಮೇಲೆ ರಾತ್ರಿಗಿಷ್ಟು ಅಂತ ನಗರಸಭೆ ತೆರಿಗೆ. ಬುಕ್ ಮಾಡುವಾಗ ಎಷ್ಟನೇ ಮಹಡಿ ಅಂತ ಕೇಳಿ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇರಲ್ಲ, ಇದ್ರೂ ಕೆಲವು ಕಡೆ ಒಳಗೊಂದು ಡಬ್ಬಿ, ಅದಕ್ಕೆ ಐದೋ ಹತ್ತೋ ಸೆಂಟ್ ನಾಣ್ಯ ಹಾಕಿದ್ರೆ ಮಾತ್ರ ಅದು ಅಲ್ಲಾಡೋದು. ಆ ನಾಣ್ಯಗಳಿಗಾಗಿ ಪರ್ಸಲ್ಲಿ ಪ್ರತ್ಯೇಕ ಜಾಗ ಮಾಡಿದ್ದೆ.

ನೋಡೋದರ ವಿಷಯಕ್ಕೆ ಬಂದ್ರೆ, ವಾರವನ್ನ ತಿಂಗಳ ಮೊದಲ ಭಾನುವಾರ ಸೇರೋ ಹಾಗೆ ಆರಿಸಿ. ಆವತ್ತು ಇಟಲಿಯ ಸರ್ಕಾರಿ ಮ್ಯೂಸಿಯಂ, ಅವಶೇಷಗಳಿಗೆಲ್ಲ ಪುಕ್ಕಟೆ ಪ್ರವೇಶ. ಎಲ್ಲರೂ ಪಾಂಪೇಗೆ (ಜ್ವಾಲಾಮುಖಿ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು) ನುಗ್ತಾರೆ. ನೀವು ಇಪ್ಪತ್ತು ಯೂರೋ ಆಸುಪಾಸಿನ ಟಿಕೆಟ್ ಉಳಿಸ್ಕೊಂಡು ಊರೊಳಗಿನ ಪುರಾತತ್ವ ಮ್ಯೂಸಿಯಮ್ಮಿಗೆ ಹೋಗಿ. ಪಾಂಪೇಯಿಂದ ಕಿತ್ತು ತಂದ ಒಳ್ಳೊಳ್ಳೆಯದೆಲ್ಲ ಇರೋದು ಇಲ್ಲೇ: ಅಲೆಕ್ಸಾಂಡರನ ಯುದ್ಧದ ಮೊಸಾಯಿಕ್, ಭಿತ್ತಿಚಿತ್ರಗಳು. ಮಂಗಳವಾರ ರಜೆ, ನೆನಪಿಡಿ.

ಅಲ್ಲೇ 'ಗುಪ್ತ ಕೋಣೆ' ಅಂತೊಂದಿದೆ. ಪಾಂಪೇಯ ಶೃಂಗಾರದ ಚಿತ್ರ, ಶಿಲ್ಪಗಳನ್ನ ಒಂದು ಕಾಲದಲ್ಲಿ ಮರ್ಯಾದಸ್ಥರ ಕಣ್ಣಿಗೆ ಬೀಳದ ಹಾಗೆ ಬೀಗ ಹಾಕಿಟ್ಟಿದ್ದ ಜಾಗ. ಭಾರತದಿಂದ ಹೋದ ನಮ್ಮವಳೊಬ್ಬಳು ಇರೋದು ಆ ಕೋಣೇಲಿ. ಗೇಣಿಗಿಂತ ತುಸು ಎತ್ತರದ ದಂತದ ಹೆಂಗಸು, ಮೈತುಂಬಾ ಒಡವೆ, ಬಟ್ಟೆ ಹೆಚ್ಚಿಲ್ಲ, ಅಕ್ಕಪಕ್ಕ ಇಬ್ಬರು ಸಣ್ಣ ಸೇವಕಿಯರು. 1938ರಲ್ಲಿ ಪಾಂಪೇಯ ಒಂದು ಮನೆಯಲ್ಲಿ ಸಿಕ್ಕಿದ್ದು. ಪಾಂಪೇ ಲಕ್ಷ್ಮಿ ಅಂತಲೇ ಹೆಸರಾಗಿಬಿಟ್ಟಿದೆ, ಆದ್ರೆ ಯಕ್ಷಿ ಇರಬೇಕು ಅಂತ ಹೇಳೋ ವಿದ್ವಾಂಸರೇ ಹೆಚ್ಚು. ತಲೆ ಮೇಲೊಂದು ತೂತಿದೆ, ಯಾವುದೋ ಪೀಠೋಪಕರಣದ ಕಾಲೋ, ಕನ್ನಡಿಯ ಹಿಡಿಯೋ ಆಗಿದ್ದಿರಬಹುದು ಅಂತಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೇ ಹೂತುಹೋಗೋದಕ್ಕೆ ಮೊದಲೇ ಅವಳು ಅಲ್ಲಿ ತಲುಪಿದ್ಲು, ಅಂದ್ರೆ ನಮ್ಮ ಕಡೆ ಶಾತವಾಹನರ ಕಾಲ. ಇಂಥದ್ದೇ ಕೆತ್ತನೆ ಮಹಾರಾಷ್ಟ್ರದ ತೇರ್, ಭೋಕರ್ದನ್‌ಗಳಲ್ಲೂ ಸಿಕ್ಕಿದೆ. ಪಕ್ಕದ ಫಲಕ ಓದಿ ಇಬ್ಬರು ಪ್ರವಾಸಿಗರು ನನ್ನ ಮುಖ ನೋಡಿದ್ರು, ನೆಂಟರೇನೋ ಅನ್ನೋ ಹಾಗೆ. ನಾನೂ ಹೌದು ಅನ್ನೋ ಹಾಗೆ ತಲೆಯಾಡಿಸಿದೆ.

ಪಾಂಪೇಗೆ ಹೋಗೋದಾದ್ರೆ ವಾರದ ಮಧ್ಯೆ ಹೋಗಿ. ನನ್ನ ಕೇಳಿದ್ರೆ ಒಂದೇ ಕಡೆ ಟಿಕೆಟ್ ಕೊಳ್ಳೋ ಶಕ್ತಿ ಇರೋರು ಅದೇ ಸ್ಫೋಟದಲ್ಲಿ ಹೂತ ಇನ್ನೊಂದು ಊರು ಹರ್ಕ್ಯುಲೇನಿಯಂ ಆರಿಸಬೇಕು. ಚಿಕ್ಕದು, ನಿಲ್ದಾಣದಿಂದ ಇಳಿಜಾರಲ್ಲಿ ಹತ್ತು ನಿಮಿಷ ನೇರ ನಡಿಗೆ, ಬಿಸಿಲಿಗೆ ಸಾಯಬೇಕಿಲ್ಲ. ಪಾಂಪೇಲಿ ಮರದ್ದೆಲ್ಲ ಹಾಳಾಗಿದೆ. ಇಲ್ಲಿ ಬಾಗಿಲು, ತೊಲೆ, ಮಂಚ ಇದ್ದಿಲಾಗಿ ನಿಂತಲ್ಲೇ ನಿಂತಿವೆ. ಎರಡೂ ಕಡೆಗೆ ಹೋಗೋದು ಚಿರ್ಕುಮ್‌ವೆಸುವಿಯಾನಾ ಅನ್ನೋ ಹಳೇ ಲೋಕಲ್ ರೈಲು. ಗರಿಬಾಲ್ಡಿಯಲ್ಲಿ ಎಲ್ಲರೂ ಹತ್ತೋದ್ರಿಂದ ಸೀಟು ಸಿಗಲ್ಲ, ಒಂದು ಸ್ಟಾಪ್ ಹಿಂದೆ, ರೈಲು ಹೊರಡೋ ಪೋರ್ತಾ ನೋಲಾನಾಗೇ ಹೋಗಿ ಕೂತ್ಕೊಳ್ಳಿ. ಬ್ಯಾಗು ಮುಂದೆ ಹಾಕ್ಕೊಳ್ಳಿ.

ಕಾಪ್ರಿ ಬಿಡಿ. ಹೋಗಿ ಬರೋ ದೋಣಿಗೇ ನಲವತ್ತು ಯೂರೋ ದಾಟುತ್ತೆ, ಅಲ್ಲಿ ಇಳಿದ ಮೇಲೆ ನಿಂಬೆ ಶರಬತ್ತಿಗೂ ಯೋಚನೆ ಮಾಡಬೇಕು. ಬದಲಿಗೆ ಮೋಂತೆಸಾಂತೋದಿಂದ ಕುಮಾನಾ ರೈಲಲ್ಲಿ ಪೊಟ್ಸುವೋಲಿ, ಅಲ್ಲಿಂದ ದೊಡ್ಡ ನಿಧಾನದ ಹಡಗಲ್ಲಿ ಪ್ರೋಚಿದಾ ದ್ವೀಪ. ಪೊಟ್ಸುವೋಲಿಯಲ್ಲಿ ರಸ್ತೆ ಬದಿಯ ಕಂಬಿಯಾಚೆ ರೋಮನ್ ಮಾರುಕಟ್ಟೆಯ ಮೂರು ಅಮೃತಶಿಲೆ ಕಂಬಗಳು ಕಾಣುತ್ತೆ, ದುಡ್ಡು ಕೊಡಬೇಕಿಲ್ಲ. ಕಂಬದ ನಡುವೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ತೂತೋ ತೂತು. ಸಮುದ್ರದ ಚಿಪ್ಪುಜೀವಿ ಕೊರೆದದ್ದು. ಅಂದ್ರೆ ಈ ನೆಲ ಒಮ್ಮೆ ಅಷ್ಟೆತ್ತರ ಸಮುದ್ರದೊಳಗೆ ಮುಳುಗಿ ಮತ್ತೆ ಎದ್ದು ಬಂದಿದೆ. ಕೆಳಗೆ ಜ್ವಾಲಾಮುಖಿ ಇರೋದ್ರಿಂದ ಈಗಲೂ ನೆಲ ಏರ್ತಿದೆ, ಸಣ್ಣಪುಟ್ಟ ಕಂಪನ ಅಲ್ಲಿನವರಿಗೆ ಮಾಮೂಲು.

ಫ್ಯುನಿಕ್ಯುಲರ್ ಟಿಕೆಟ್ ಬಿಟ್ರೆ ಪುಕ್ಕಟೆಯದೇ ಇನ್ನೊಂದು: ಮೋಂತೆಸಾಂತೋದಿಂದ ಅದರಲ್ಲಿ ಗುಡ್ಡ ಹತ್ತಿ, ಸಾನ್ ಮಾರ್ತೀನೋ ಮಠದ ಮುಂದಿನ ಬಯಲಲ್ಲಿ ಕೂತು ಇಡೀ ಕೊಲ್ಲಿ ನೋಡಿ, ಪೆದಮೆಂತೀನಾ ಮೆಟ್ಟಿಲಲ್ಲಿ ಇಳಿದು ಬನ್ನಿ. ನಾನೂರಕ್ಕೂ ಹೆಚ್ಚು ಮೆಟ್ಟಿಲು, ಇಳಿಯೋದು ಮಾತ್ರ, ಹತ್ತೋ ಸಾಹಸ ಬೇಡ.

ಒಟ್ಟು ಲೆಕ್ಕ, ಯೂರೋ ನೂರು ರೂಪಾಯಿ ಅಂತ ಹಿಡಿದು. ಹಾಸಿಗೆ ಮತ್ತು ತೆರಿಗೆ 28 ಸಾವಿರ, ಊಟ-ಕಾಫಿ 16, ಓಡಾಟ ದೋಣಿ ಸೇರಿ 8, ಟಿಕೆಟ್ 6. ಅಲ್ಲಿಗೆ 58 ಸಾವಿರ. ವಿಮಾನ 55ರ ಆಸುಪಾಸು, ವೀಸಾ, ವಿಮೆ, ಸರ್ವಿಸ್ ಚಾರ್ಜ್ ಎಲ್ಲ ಸೇರಿ 12. ಒಂದೂಕಾಲು ಲಕ್ಷ. ಅಗ್ಗ ಅಂತ ನಾನು ಹೇಳಲ್ಲ. ವಿಮಾನ ರೋಮಿಗೆ ಅಗ್ಗ ಸಿಕ್ಕಿದ್ರೆ ಅಲ್ಲಿಗೇ ತಗೊಳ್ಳಿ. ವೇಗದ ರೈಲು ಒಂದು ಗಂಟೆ ಚಿಲ್ಲರೆಗೆ ನೇಪಲ್ಸ್ ತಲುಪಿಸುತ್ತೆ, ಟಿಕೆಟ್ ದಿನ ಹತ್ತಿರ ಬಂದಷ್ಟೂ ಏರುತ್ತೆ. ಪ್ರಾದೇಶಿಕ ರೈಲು ನಿಧಾನ, ದರ ಮಾತ್ರ ಯಾವತ್ತು ಕೊಂಡ್ರೂ ಒಂದೇ.

ಒಬ್ಬರೇ ಹೋಗಿದ್ರಾ ಅಂತ ಕೇಳಿದ ಅಕ್ಕಂದಿರಿಗೆ: ಹೌದು. ಕೈಚೀಲದ ಮೇಲೆ ಕಣ್ಣಿಡಿ, ಸ್ಕೂಟರ್ ಬರೋ ಕಡೆಯ ಹೆಗಲಿಗೆ ಬ್ಯಾಗ್ ಹಾಕಬೇಡಿ. ಉಳಿದಂತೆ ಆ ಗಲ್ಲಿಗಳಲ್ಲಿ ಒಂಟಿತನ ಅನ್ನೋದೇ ಸಿಗಲ್ಲ. ನೆಲಮಹಡಿಯ ಒಂದೇ ಕೋಣೆಯ ಮನೆಗಳ ಬಾಗಿಲು ನೇರ ಬೀದಿಗೇ ತೆರೆದಿರುತ್ತೆ, ಅಜ್ಜಿಯರು ಕುರ್ಚಿ ಹೊರಗೇ ಹಾಕ್ಕೊಂಡು ಬಟಾಣಿ ಸುಲೀತಾ ಕೂತಿರ್ತಾರೆ. ಒಂದೇ ದಾರೀಲಿ ಎರಡನೇ ಸಲ ಹೋದ್ರೆ ಗುರುತು ಹಿಡೀತಾರೆ, ಮೂರನೇ ಸಲಕ್ಕೆ ಮದುವೆ ಆಗಿದ್ಯಾ ಅಂತ ಕೇಳ್ತಾರೆ. ಅದಕ್ಕೆ ಉತ್ತರ ನಿಮ್ಮ ನಿಮ್ಮ ಇಷ್ಟ.

ವೀಸಾಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಶುಲ್ಕ 90 ಯೂರೋ, 30,000 ಯೂರೋವರೆಗೆ ಖರ್ಚು ಭರಿಸೋ ವೈದ್ಯಕೀಯ ವಿಮೆ ಕಡ್ಡಾಯ. ಕಷ್ಟ ಇರೋದು ಅಪಾಯಿಂಟ್‌ಮೆಂಟ್ ಸಿಗೋದ್ರಲ್ಲಿ, ಹಾಗಾಗಿ ರಜೆ ಮಂಜೂರಾದ ದಿನವೇ ಶುರು ಮಾಡಿ. ಮಾರ್ಚ್ ಆದ್ರೆ ಒಳ್ಳೆಯದು, ಸಮುದ್ರಕ್ಕೆ ಇಳಿಯೋ ಆಸೆ ಇದ್ರೆ ಅಕ್ಟೋಬರ್ ಶುರು. ಆಗಸ್ಟಲ್ಲಿ ಮಾತ್ರ ರಜೆ ಸಿಗುತ್ತೆ ಅನ್ನೋರು ಬೇರೆ ಊರು ನೋಡ್ಕೊಳ್ಳಿ. 15ನೇ ತಾರೀಕಿನ ಹಬ್ಬದ ಆಜುಬಾಜು ಅರ್ಧ ಊರು ಅಂಗಡಿ ಮುಚ್ಚಿ ಸಮುದ್ರದ ಕಡೆ ಹೋಗಿರುತ್ತೆ, ನಿಮಗೆ ಅಂತ ಉಳಿಯೋದು ಬಿಸಿಲು ಮತ್ತು ದುಬಾರಿ ಕೋಣೆ.